ಪಿತ್ತಜನಕಾಂಗ ಬೇರೆ, ಮೂತ್ರಜನಕಾಂಗ ಬೇರೆ

ಪಿತ್ತಜನಕಾಂಗ ಮತ್ತು ಮೂತ್ರಜನಕಾಂಗ ಎಂಬ ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳುವುದು ಶಾಲೆಯ ಮಕ್ಕಳು ಮಾತ್ರವಲ್ಲ. ರಕ್ತಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದ ಹಿರಿಯರೂ 'ಯೂರಿಯಾ ಹೆಚ್ಚಿದೆ, ಲಿವರ್ ಕೆಟ್ಟಿದೆಯೇ?' ಎಂದು ಗಾಬರಿಪಡುವುದುಂಟು. ಎರಡೂ ರಕ್ತವನ್ನು ಶುದ್ಧಿ ಮಾಡುತ್ತವೆ ಎಂಬ ಮಾತು ಈ ಗೊಂದಲವನ್ನು ಹೆಚ್ಚಿಸಿದೆ. ಮಾತು ಸುಳ್ಳಲ್ಲ. ಆದರೆ ಶುದ್ಧಿ ಮಾಡುವ ಕ್ರಮ ಬೇರೆ, ಕೆಟ್ಟಾಗ ಕೊಡುವ ಸೂಚನೆ ಬೇರೆ, ಅವುಗಳಿಗೆ ಹಾನಿ ಮಾಡುವ ಮಾತ್ರೆಗಳೂ ಬೇರೆ.

ಎಲ್ಲಿವೆ, ಹೇಗಿವೆ?

ಪಿತ್ತಜನಕಾಂಗ ಅಥವಾ ಯಕೃತ್ತು ಒಂದೇ ಒಂದು. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುತ್ತದೆ. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಇದಕ್ಕೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಜಠರ, ಕರುಳುಗಳ ಕಡೆಯಿಂದ ಜೀರ್ಣವಾದ ಆಹಾರದ ಸಾರವನ್ನು ಹೊತ್ತು ತರುತ್ತದೆ. ಉಳಿದದ್ದು ಹೃದಯದಿಂದ ಬರುವ ಶುದ್ಧ ರಕ್ತ.

ಮೂತ್ರಜನಕಾಂಗಗಳು ಎರಡು. ಬೆನ್ನಿನ ಕಡೆ, ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಹುರುಳಿಕಾಯಿಯೊಳಗಿನ ಬೀಜದ ಆಕಾರದಲ್ಲಿವೆ. ಪ್ರತಿಯೊಂದರ ಉದ್ದ 10ರಿಂದ 12 ಸೆಂಟಿಮೀಟರ್, ತೂಕ ಸುಮಾರು 150 ಗ್ರಾಂ. ಬಲಗಡೆಯದರ ಮೇಲೆ ಪಿತ್ತಜನಕಾಂಗವಿರುವುದರಿಂದ ಅದು ತುಸು ಕೆಳಗಿರುತ್ತದೆ. ಒಂದೊಂದರಲ್ಲೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ.

ಒಂದು ಅಡುಗೆಮನೆ, ಇನ್ನೊಂದು ಜರಡಿ

ಪಿತ್ತಜನಕಾಂಗವು ವಸ್ತುಗಳ ರೂಪವನ್ನೇ ಬದಲಿಸುತ್ತದೆ. ಹೆಚ್ಚಾದ ಸಕ್ಕರೆಯನ್ನು ಕೂಡಿಟ್ಟು ಉಪವಾಸದ ಹೊತ್ತಿನಲ್ಲಿ ಹೊರಬಿಡುತ್ತದೆ. ಕೊಬ್ಬಿನ ಜೀರ್ಣಕ್ಕೆ ಬೇಕಾದ ಪಿತ್ತರಸವನ್ನೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನೂ ತಯಾರಿಸುತ್ತದೆ. ಮದ್ಯ, ಔಷಧಗಳನ್ನು ಒಡೆದು ಹೊರಹಾಕಲು ಸಿದ್ಧಪಡಿಸುತ್ತದೆ.

ಮೂತ್ರಜನಕಾಂಗಗಳು ಆರಿಸುವ ಕೆಲಸ ಮಾಡುತ್ತವೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ನೀರು, ಉಪ್ಪು, ಸಕ್ಕರೆಗಳಲ್ಲಿ ಬೇಕಾದಷ್ಟನ್ನು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಉಳಿದ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಹೋಗುತ್ತದೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಪ್ರಚೋದಿಸುವುದು ಕೂಡ ಇವುಗಳ ಕೆಲಸವೇ.

ಇವೆರಡೂ ಜೊತೆಯಾಗಿ ದುಡಿಯುವುದಕ್ಕೆ ಯೂರಿಯಾ ಒಳ್ಳೆಯ ಉದಾಹರಣೆ. ನಾವು ತಿಂದ ಬೇಳೆ, ಮೊಟ್ಟೆ, ಮಾಂಸಗಳ ಪ್ರೋಟೀನಿನಿಂದ ಅಮೋನಿಯಾ ಎಂಬ ವಿಷವಸ್ತು ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡುತ್ತದೆ. ಮೂತ್ರಜನಕಾಂಗ ಆ ಯೂರಿಯಾವನ್ನು ಹೊರಹಾಕುತ್ತದೆ. ಹೀಗಾಗಿ ವರದಿಯಲ್ಲಿ ಯೂರಿಯಾ, ಕ್ರಿಯಾಟಿನಿನ್ ಎರಡೂ ಹೆಚ್ಚಿದ್ದರೆ ವೈದ್ಯರು ಮೊದಲು ಗಮನಿಸುವುದು ಮೂತ್ರಜನಕಾಂಗವನ್ನು. ಬಿಲಿರುಬಿನ್ ಮತ್ತು ಎಸ್.ಜಿ.ಪಿ.ಟಿ. ಹೆಚ್ಚಿದ್ದರೆ ಪಿತ್ತಜನಕಾಂಗವನ್ನು.

ಕೆಟ್ಟರೆ ಏನಾಗುತ್ತದೆ?

ಪಿತ್ತಜನಕಾಂಗಕ್ಕೆ ಮತ್ತೆ ಬೆಳೆಯುವ ಶಕ್ತಿಯಿದೆ. ಆರೋಗ್ಯವಂತ ದಾನಿಯು ಅದರ ಒಂದು ಭಾಗವನ್ನು ಕೊಟ್ಟರೂ ಉಳಿದ ಭಾಗ ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಆದರೆ ಮದ್ಯಪಾನ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಶೇಖರವಾದ ಕೊಬ್ಬು ಇವು ವರ್ಷಗಟ್ಟಲೆ ಗಾಯ ಮಾಡುತ್ತಿದ್ದರೆ ಅದು ಗಟ್ಟಿಯಾಗಿ ಈ ಶಕ್ತಿ ಕುಂದುತ್ತದೆ. ಆಗ ಅದರ ಎಲ್ಲ ಕೆಲಸವನ್ನೂ ವಹಿಸಿಕೊಳ್ಳುವ ಯಂತ್ರ ಯಾವುದೂ ಇಲ್ಲ.

ಮೂತ್ರಜನಕಾಂಗದ ಸ್ಥಿತಿ ಇದಕ್ಕೆ ವಿರುದ್ಧ. ಸೋಸುವ ಕೆಲಸವನ್ನು ಡಯಾಲಿಸಿಸ್ ಯಂತ್ರ ಬಹುಮಟ್ಟಿಗೆ ಮಾಡಬಲ್ಲುದು. ಆದರೆ ಒಮ್ಮೆ ನಾಶವಾದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಅದರ ಮೇಲೆ ಇದು ಮೌನಿ. ಅರ್ಧದಷ್ಟು ಶಕ್ತಿ ಕುಂದಿದರೂ ಕ್ರಿಯಾಟಿನಿನ್ ಸಹಜ ಮಿತಿಯೊಳಗೇ ಇರಬಹುದು, ನೋವೂ ಇರದಿರಬಹುದು. ಕಾಲು ಊದುವುದು, ಮೂತ್ರದಲ್ಲಿ ನೊರೆ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು ಕಂಡರೆ ತಡಮಾಡಬೇಡಿ.

ಮನೆಯಲ್ಲಿ ನೆನಪಿಡಿ

ಜ್ವರದ ಪ್ಯಾರಾಸಿಟಮಾಲ್ ಮಿತಿಮೀರಿದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ. ನೆಗಡಿಯ ಅನೇಕ ಮಾತ್ರೆಗಳಲ್ಲೂ ಅದೇ ಇರುವುದರಿಂದ ಎರಡನ್ನೂ ಒಟ್ಟಿಗೆ ನುಂಗುವ ಮೊದಲು ಪಟ್ಟಿಯ ಮೇಲಿನ ಹೆಸರು ಓದಿ. ಮಂಡಿನೋವಿಗೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳು ಮೂತ್ರಜನಕಾಂಗಕ್ಕೆ ಅಪಾಯಕಾರಿ. ವಯಸ್ಸಾದವರಲ್ಲಿ ಮತ್ತು ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದಾಗ ಈ ಅಪಾಯ ಇನ್ನೂ ಹೆಚ್ಚು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಮೌನಿಯಾದ ಅಂಗ ಮೊದಲು ಮಾತನಾಡುವುದು ಅನೇಕ ವೇಳೆ ಈ ಮೂತ್ರಪರೀಕ್ಷೆಯಲ್ಲಿಯೇ. ಕಣ್ಣು ಹಳದಿಯಾದರೆ ಅದಕ್ಕೆ ಹತ್ತಾರು ಕಾರಣಗಳಿರಬಹುದು. ಯಾವುದೆಂದು ತಿಳಿಯುವ ಮೊದಲೇ ಕಾಮಾಲೆಗೆಂದು ಸಿಕ್ಕ ಔಷಧ ಕುಡಿಸಬೇಡಿ. ಆ ಔಷಧವನ್ನು ಅರಗಿಸಬೇಕಾದದ್ದೂ ಆಗಲೇ ಬಳಲಿರುವ ಪಿತ್ತಜನಕಾಂಗವೇ. ನವಜಾತ ಶಿಶುವಿಗೆ ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದನ್ನು ಮರೆಯಬೇಡಿ.