ಹಿತ್ತಲ ಪೇರಲ ಗಿಡದ ಹಕ್ಕಿಗಳು: ಓಡಿಸುವ ಮುನ್ನ ನೋಡಿ, ಕೇಳಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂಥ ಕಡೆ ಯಂತ್ರಗಳ ಸದ್ದು, ಲಾರಿಗಳ ಓಡಾಟ ಹೆಚ್ಚು. ಆದರೂ ಸುತ್ತಲಿನ ಮನೆಗಳ ಹಿತ್ತಲಲ್ಲಿ ಒಂದು ಪೇರಲ ಗಿಡವಿದ್ದರೆ ಹಕ್ಕಿಗಳು ಬಂದೇ ಬರುತ್ತವೆ. ಹಣ್ಣು ಹಾಳಾದಾಗ ಎಲ್ಲ ಹಕ್ಕಿಗಳನ್ನೂ ದೂರಿ ಕಲ್ಲು ಬೀಸುವುದು, ಕೊನೆಗೆ ಗಿಡವನ್ನೇ ಕಡಿಯುವುದು ಉಂಟು. ಅದಕ್ಕೆ ಮೊದಲು ಒಂದು ವಾರ ಗಿಡವನ್ನು ಗಮನಿಸುವುದು ಲಾಭಕರ.

ಕೇಳಿ ಗುರುತಿಸುವುದು

ಬೆಳಗಿನ ಜಾವ ವಾಹನಗಳ ಸದ್ದು ಏರುವ ಮುನ್ನ ಗಿಡದಿಂದ ಹತ್ತು ಹೆಜ್ಜೆ ದೂರದಲ್ಲಿ ಅಲುಗಾಡದೆ ಕುಳಿತುಕೊಳ್ಳಬೇಕು. 'ಟುಕ್, ಟುಕ್' ಎಂದು ತಾಮ್ರದ ತಗಡು ಬಡಿದಂತೆ ಒಂದೇ ಸಮನೆ ಕೇಳಿದರೆ ಅದು ಕಂಚುಕುಟಿಗ. ಯಾವುದೋ ಕಾರ್ಖಾನೆಯ ಸುತ್ತಿಗೆ ಎಂದು ಭ್ರಮಿಸುವವರೂ ಉಂಟು. ಗುಬ್ಬಿಗಿಂತ ಚಿಕ್ಕದಾದರೂ 'ಟುವ್ವಿ, ಟುವ್ವಿ' ಎಂದು ಗಟ್ಟಿಯಾಗಿ ಕೂಗುವುದು ಸಿಂಪಿಗ ಹಕ್ಕಿ. ಇದು ಎಲೆಗಳ ನಡುವೆ ಹುಡುಕುವುದು ಹುಳುಗಳನ್ನು, ಹಣ್ಣನ್ನಲ್ಲ. ಪಿಕಳಾರ ಹಣ್ಣು ತಿಂದರೂ ಮರಿಗಳಿಗೆ ಹುಳುಗಳನ್ನೂ ಹಿಡಿದು ಉಣಿಸುತ್ತದೆ.

ನೋಡಿ ಗುರುತಿಸುವುದು

ಕಾಯಿಯನ್ನೂ ಬಿಡದೆ ಅರ್ಧ ಕಚ್ಚಿ ಕೆಳಗೆ ಬೀಳಿಸುವುದು ಗಿಳಿ. ಅದರ ಕಿರುಚು ದೂರದಿಂದಲೇ ಕೇಳುತ್ತದೆ. ಸಂಜೆ ಸರಿಯಾಗಿದ್ದ ಹಣ್ಣು ಬೆಳಗಾಗುವಷ್ಟರಲ್ಲಿ ಹಾಳಾಗಿ, ನೆಲದ ಮೇಲೆ ಜಗಿದು ಉಗುಳಿದ ಹಿಪ್ಪೆ ಬಿದ್ದಿದ್ದರೆ ಅದು ಬಾವಲಿಯ ಕೆಲಸ. ಇದಕ್ಕೆ ಹಕ್ಕಿಯನ್ನು ದೂರುವುದು ಸರಿಯಲ್ಲ. ಹೊರಗೆ ಚೆನ್ನಾಗಿ ಕಂಡು ಒಳಗೆ ಬಿಳಿ ಹುಳುಗಳಿದ್ದರೆ ಹಣ್ಣಿನ ನೊಣದ ಬಾಧೆ.

ಏನು ಮಾಡಬೇಕು?

1. ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗ, ಬಣ್ಣ ತಿರುಗುವ ಮುನ್ನ, ತೆಳು ಬಟ್ಟೆಯ ಚೀಲ ತೊಡಿಸಿ ತೊಟ್ಟಿಗೆ ಸಡಿಲವಾಗಿ ಕಟ್ಟಬೇಕು. ಇದರಿಂದ ಹಕ್ಕಿಯ ಕಾಟ ತಗ್ಗುವುದಲ್ಲದೆ ನೊಣ ಮೊಟ್ಟೆ ಇಡುವುದೂ ತಪ್ಪುತ್ತದೆ.

2. ಕೈಗೆಟುಕದ ತುದಿಯ ಹಣ್ಣುಗಳನ್ನು ಹಕ್ಕಿಗಳಿಗೇ ಬಿಡಬಹುದು.

3. ಉದುರಿದ ಹಣ್ಣುಗಳನ್ನು ಆಗಾಗ್ಗೆ ಆಯ್ದು ಆಳವಾಗಿ ಹೂಳಬೇಕು. ನೊಣದ ಹುಳುಗಳು ಮಣ್ಣಿನಲ್ಲಿಯೇ ಕೋಶಾವಸ್ಥೆ ಕಳೆಯುತ್ತವೆ.

4. ಸಡಿಲ ನೈಲಾನ್ ಬಲೆ ಹೊದಿಸಬಾರದು. ಕಾಲು ಸಿಕ್ಕಿಕೊಂಡ ಹಕ್ಕಿ ನರಳಿ ಸಾಯುತ್ತದೆ.

5. ಹಣ್ಣು ಮಾಗುವಾಗ ವಿಷದ ಔಷಧಿ ಸಿಂಪಡಿಸಬಾರದು. ಅದೇ ಹಣ್ಣನ್ನು ಮನೆಯ ಮಕ್ಕಳೂ ತಿನ್ನುತ್ತಾರೆ.

6. ಸವರುವಾಗ, ಬೀಳುವ ಅಪಾಯವಿಲ್ಲದ ಒಣಗಿದ ಕೊಂಬೆಯೊಂದನ್ನು ಉಳಿಸುವುದು ಒಳ್ಳೆಯದು. ಕಂಚುಕುಟಿಗ ಗೂಡು ಕೊರೆಯುವುದು ಅಂಥ ಕೊಂಬೆಯಲ್ಲಿ.

ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನೂ ನೆನಪಿಡಬೇಕು.

ಹೀಗೆ ವಾರವಿಡೀ ಗಮನಿಸಿದವರಿಗೆ ಕಾಪಾಡಬೇಕಾದ ಹಣ್ಣು ಯಾವುದು, ಕಾವಲಿಗಿರುವ ಹಕ್ಕಿ ಯಾವುದು ಎಂಬುದು ತಾನಾಗಿಯೇ ತಿಳಿಯುತ್ತದೆ. ಗಿಡ ಕಡಿದರೆ ಹಣ್ಣೂ ಇಲ್ಲ, ಹುಳು ಹೆಕ್ಕುವ ಹಕ್ಕಿಯೂ ಇಲ್ಲ.