ಮೂವತ್ತೆಂಟೂವರೆ ಗುಳಿಗೆಗಳು

ಉತ್ತರದ ಸಂಖ್ಯೆ ಸರಿಯಿದ್ದರೂ ಏಕಮಾನವನ್ನು ಬರೆಯದ ವಿದ್ಯಾರ್ಥಿಗೆ ನಾವು ಅರ್ಧ ಅಂಕ ಕಳೆದರೆ ಅವನು ಮುಖ ಸಿಂಡರಿಸುವುದುಂಟು. ಏಕಮಾನವು ಪಲ್ಲಟವಾದರೆ ಏನಾಗಬಲ್ಲುದೆಂಬುದು 2013ರ ಜುಲೈ ತಿಂಗಳಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಕಂಡುಬಂದಿತು.

ಆ ಆಸ್ಪತ್ರೆಯಲ್ಲಿ ಕಾಗದದ ಚೀಟಿಗೆ ಬದಲಾಗಿ ರೋಗಿಯ ದಾಖಲೆಯೆಲ್ಲವೂ ಗಣಕಯಂತ್ರದಲ್ಲಿತ್ತು. ವೈದ್ಯರ ಕೈಬರಹವನ್ನು ತಪ್ಪಾಗಿ ಓದುವ ಅಪಾಯ ಇದರಿಂದ ತಪ್ಪುವುದೇನೋ ನಿಜ. ಹದಿನಾರು ವರ್ಷದ ಹುಡುಗನೊಬ್ಬನಿಗೆ ಸೆಪ್ಟ್ರ ಎಂಬ ಸೋಂಕುನಿವಾರಕ ಗುಳಿಗೆಯನ್ನು ಕೊಡಬೇಕಾಗಿತ್ತು. ಅವನ ತೂಕ 38.6 ಕಿಲೋಗ್ರಾಂ. ಕಿಲೋಗ್ರಾಮಿಗೆ 5 ಮಿಲಿಗ್ರಾಮಿನಂತೆ ಲೆಕ್ಕಹಾಕಿದರೆ 193 ಮಿಲಿಗ್ರಾಂ. ದೊರೆಯುವ ಗುಳಿಗೆಯಾದರೋ 160 ಮಿಲಿಗ್ರಾಮಿನದು. ಆದುದರಿಂದ 160 ಎಂದೇ ತಿದ್ದಿ ಬರೆಯಬೇಕೆಂದು ಫಾರ್ಮಸಿಸ್ಟರು ಕೇಳಿಕೊಂಡರು; ವೈದ್ಯೆಯು 160 ಎಂದು ನಮೂದಿಸಿದರು. 40 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳಿಗೆ ತೂಕಾನುಸಾರವಾಗಿಯೇ ಔಷಧವನ್ನು ಬರೆಯಬೇಕೆಂಬ ನಿಯಮವಿದ್ದುದರಿಂದ, ಪರದೆಯ ಮೇಲಿನ ಆ ಅಂಕಣದ ಏಕಮಾನವು ‘ಮಿಲಿಗ್ರಾಂ’ ಆಗಿರದೆ ‘ಕಿಲೋಗ್ರಾಮಿಗೆ ಮಿಲಿಗ್ರಾಂ’ ಆಗಿತ್ತು. ಯಂತ್ರವು ನಿಷ್ಠೆಯಿಂದ ಗುಣಿಸಿತು:

160 × 38.6 = 6,176 ಮಿಲಿಗ್ರಾಂ.

ಇದನ್ನು 160ರಿಂದ ಭಾಗಿಸಿದರೆ 38.6, ಎಂದರೆ ಸುಮಾರು ಮೂವತ್ತೆಂಟೂವರೆ ಗುಳಿಗೆ! ಗುಳಿಗೆಗಳ ಸಂಖ್ಯೆಯೂ ಹುಡುಗನ ತೂಕವೂ ಒಂದೇ ಆದುದು ಆಕಸ್ಮಿಕವಲ್ಲ. ಗುಣಿಸಿದ 160 ಭಾಗಿಸುವಾಗ ಹೊಡೆದುಹೋಯಿತು, ಅಷ್ಟೆ.

ಹಾಗಾದರೆ ಯಂತ್ರವು ಎಚ್ಚರಿಸಲಿಲ್ಲವೆ? ಎಚ್ಚರಿಸಿತು. ವೈದ್ಯೆಯೂ ಫಾರ್ಮಸಿಸ್ಟರೂ ಆ ಎಚ್ಚರಿಕೆಯನ್ನು ಬದಿಗೆ ಸರಿಸಿದರು. ಅವರನ್ನು ಹಳಿಯುವ ಮುನ್ನ ಒಂದು ಮಾತನ್ನು ಗಮನಿಸಿರಿ: ಅಲ್ಲಿಯ ಫಾರ್ಮಸಿಸ್ಟರಿಗೆ ಔಷಧದ ಆದೇಶಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಂಥ ಯಾವುದಾದರೊಂದು ಎಚ್ಚರಿಕೆ ಬರುತ್ತಿತ್ತು. ಅಲ್ಪ ವ್ಯತ್ಯಾಸಕ್ಕೂ ಮೂವತ್ತೆಂಟು ಪಟ್ಟಿಗೂ ಎಚ್ಚರಿಕೆಯ ರೂಪ ಒಂದೇ. ದಿನವಿಡೀ ಬಾರಿಸುವ ಗಂಟೆಯನ್ನು ಯಾರ ಕಿವಿ ತಾನೇ ಕೇಳೀತು?

ಮುಂದೆ ರೋಬಾಟ್ ಯಂತ್ರವು ಗುಳಿಗೆಗಳನ್ನು ಕಟ್ಟಿಕೊಟ್ಟಿತು. ದಾದಿಗೆ ಸಂದೇಹ ಬಂದಿತು. ಆದರೆ ಬಾರ್‌ಕೋಡ್ ಪರೀಕ್ಷೆಯು ಎಲ್ಲವೂ ಸರಿಯೆಂದಿತು. ಆ ಪರೀಕ್ಷೆ ತಾಳೆನೋಡುವುದು ಗುಳಿಗೆಯನ್ನು ಆದೇಶದೊಡನೆ. ಆದೇಶವೇ ಸರಿಯೆ ಎಂಬುದನ್ನು ಅದು ಅರಿಯದು. ಹುಡುಗನು ಎಲ್ಲವನ್ನೂ ನುಂಗಿದನು. ಕೆಲವು ಗಂಟೆಗಳ ಬಳಿಕ ಅವನಿಗೆ ತೀವ್ರವಾದ ಸೆಳವು ಬಂದಿತು. ಪುಣ್ಯವಶಾತ್ ಬದುಕಿಕೊಂಡನು.

ತರುವಾಯ ಆ ಆಸ್ಪತ್ರೆಯವರು ಎಚ್ಚರಿಕೆಗಳನ್ನು ಒಂದೊಂದಾಗಿ ಪರಿಶೀಲಿಸಿ, ನಿರುಪಯುಕ್ತವಾದುವನ್ನು ಕಿತ್ತುಹಾಕತೊಡಗಿದರು. ಅತಿಯಾದ ಪ್ರಮಾಣಗಳು ಹಲವನ್ನು ಯಂತ್ರವು ಸ್ವೀಕರಿಸದಂತೆಯೇ ತಡೆಹಾಕಿದರು.