ತಿಂಡಿಪಟ್ಟಿಯೂ ಕ್ಯೂಆರ್ ಕೋಡೂ

ಹೋಟೆಲಿನ ಮೇಜಿನ ಮುಂದೆ ಕುಳಿತ ಗಿರಾಕಿಯ ಮೊದಲ ಪ್ರಶ್ನೆ ‘ತಿಂಡಿ ಏನಿದೆ?’ ಎಂಬುದು. ಈ ಪ್ರಶ್ನೆಗೆ ಉತ್ತರ ಕೊಡುವ ರೀತಿ ಕನ್ನಡ ನಾಡಿನ ಹೋಟೆಲುಗಳಲ್ಲಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಉಡುಪಿ ಹೋಟೆಲುಗಳ ಮಾಣಿ ನೀರಿನ ಲೋಟವನ್ನು ಇಡುತ್ತಲೇ ಇಡೀ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಿದ್ದ. ಕೆಲವು ಕಡೆ ಬಾಗಿಲಿನ ಪಕ್ಕದ ಕಪ್ಪು ಹಲಗೆಯೇ ಆ ಕೆಲಸವನ್ನು ಮಾಡುತ್ತಿತ್ತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ದರ್ಶಿನಿಗಳು ಪಟ್ಟಿಯನ್ನು ಗಲ್ಲಾಪೆಟ್ಟಿಗೆಯ ಮೇಲ್ಭಾಗದಲ್ಲಿ, ನಿಂತವರಿಗೆಲ್ಲ ಕಾಣುವಂತೆ, ಬೋರ್ಡಿನ ಮೇಲೆ ಬರೆಸಿದವು. ಕುಳಿತು ಉಣ್ಣುವ ಕಡೆಗಳಲ್ಲಿ ಮುದ್ರಿತ ಕಾರ್ಡು ಬಳಕೆಗೆ ಬಂದಿತು. 2020ರಲ್ಲಿ ಕೋವಿಡ್ ಹಬ್ಬಿದಾಗ, ಹತ್ತಾರು ಕೈಗಳು ಮುಟ್ಟಿದ ಆ ಕಾರ್ಡನ್ನು ಹಿಡಿಯಲು ಜನ ಅಂಜಿದರು. ಆ ವರ್ಷದ ಜೂನ್ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹೋಟೆಲುಗಳಿಗಾಗಿ ಹೊರಡಿಸಿದ ಸೂಚನೆಗಳಲ್ಲಿ, ಒಮ್ಮೆ ಬಳಸಿ ಬಿಸಾಡುವ ಮೆನುಗಳನ್ನು ಉಪಯೋಗಿಸಬೇಕೆಂದೂ ಪರಸ್ಪರ ಮುಟ್ಟದೆ ತಿಂಡಿ ಹೇಳುವ ಕ್ರಮವನ್ನು ಪ್ರೋತ್ಸಾಹಿಸಬೇಕೆಂದೂ ಸಲಹೆಯಿತ್ತು. ಕಪ್ಪು ಬಿಳುಪಿನ ಚೌಕವೊಂದು ಮೇಜಿನ ಮೇಲೆ ಬಂದು ಕುಳಿತುದು ಹೀಗೆ. ರೋಗದ ಭಯ ಇಳಿದ ಮೇಲೂ ಅದು ಅನೇಕ ಕಡೆ ಅಲ್ಲಿಯೇ ಉಳಿದಿದೆ.

ಈ ಚೌಕದ ಬಗೆಗೆ ಸಾಮಾನ್ಯವಾಗಿರುವ ತಪ್ಪು ತಿಳಿವಳಿಕೆಯೊಂದನ್ನು ಮೊದಲು ನಿವಾರಿಸಬೇಕು. ತಿಂಡಿಪಟ್ಟಿಯೇ ಅದರೊಳಗೆ ಅಡಗಿದೆ ಎಂದು ಹಲವರು ಭಾವಿಸುತ್ತಾರೆ. ಹಾಗೆ ಅಡಗಿಸುವುದು ಅಸಾಧ್ಯವೇನೂ ಅಲ್ಲ. ಆದರೆ ಅದರ ಲೆಕ್ಕವನ್ನು ನೋಡಬೇಕು. ಕಂಪ್ಯೂಟರಿನ ಇಂದಿನ ಸಾಮಾನ್ಯ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಮೂಲಾಕ್ಷರಕ್ಕೂ ಪ್ರತಿಯೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟ್ ಬೇಕು. ‘ಇಡ್ಲಿ’ ಎಂಬ ಎರಡಕ್ಷರದ ಪದದಲ್ಲಿ ಇ, ಡ, ಅರ್ಧಾಕ್ಷರದ ಚಿಹ್ನೆ, ಲ, ಗುಡಿಸು ಎಂದು ಐದು ಘಟಕಗಳಿವೆ; ಅವುಗಳಿಗೆ 15 ಬೈಟ್. ‘ಮಸಾಲೆ ದೋಸೆ’ ಎಂಬುದಕ್ಕೆ ನಡುವಣ ತೆರಪು ಸೇರಿ 28 ಬೈಟ್. ಮುಂದೆ ಎರಡಂಕಿಯ ಬೆಲೆಯನ್ನು ಬರೆದು ಸಾಲನ್ನು ಮುಗಿಸಿದರೆ 32 ಆಗುತ್ತದೆ. ಕ್ಯೂಆರ್ ಕೋಡಿನ ಅತಿ ದೊಡ್ಡ ರೂಪದಲ್ಲಿ ಹಿಡಿಸುವುದು ಹೆಚ್ಚೆಂದರೆ 2,953 ಬೈಟ್. ಅಂದರೆ ಇಂತಹ 92 ಸಾಲುಗಳು. ಸಣ್ಣ ಹೋಟೆಲಿಗೆ ಇದು ಸಾಕೆಂದು ತೋರಬಹುದು. ಆದರೆ ಆ ದೊಡ್ಡ ರೂಪದಲ್ಲಿ ಬದಿಗೆ 177ರಂತೆ ಒಟ್ಟು 31,329 ಪುಟ್ಟ ಮನೆಗಳಿರುತ್ತವೆ. ಅಂಗೈಯಗಲದ ಕಾಗದದಲ್ಲಿ ಅದನ್ನು ಅಚ್ಚುಹಾಕಿದರೆ ಮೊಬೈಲಿನ ಕ್ಯಾಮೆರಾ ಅದನ್ನು ಬಿಡಿಸಿ ಓದಲು ತಿಣುಕುತ್ತದೆ. ಅಲ್ಲದೆ, ಕಾಫಿಯ ಬೆಲೆ ಎರಡು ರೂಪಾಯಿ ಏರಿದ ದಿನ ಎಲ್ಲ ಮೇಜುಗಳ ಚೌಕಗಳನ್ನೂ ಕಿತ್ತು ಹೊಸದಾಗಿ ಅಂಟಿಸಬೇಕಾಗುತ್ತದೆ.

ಆದುದರಿಂದ ಚೌಕದೊಳಗೆ ಪಟ್ಟಿಯನ್ನು ಇಡದೆ, ಪಟ್ಟಿ ಇರುವ ಸ್ಥಳದ ಅಂತರಜಾಲ ವಿಳಾಸವನ್ನು ಮಾತ್ರ ಇಡುವುದು ರೂಢಿ. ಚೌಕವು ಪತ್ರದ ಮೇಲಿನ ವಿಳಾಸವಿದ್ದಂತೆ. ಪತ್ರ ಬೇರೆಲ್ಲಿಯೋ ಇದೆ. ಈ ಒಂದು ಸಂಗತಿಯನ್ನು ಹೋಟೆಲಿನ ಮಾಲೀಕ ಮನಗಂಡರೆ, ಮುಂದೆ ತೆಗೆದುಕೊಳ್ಳಬೇಕಾದ ತೀರ್ಮಾನಗಳೆಲ್ಲ ಸ್ಪಷ್ಟವಾಗುತ್ತವೆ.

ಈ ಸಂಕೇತದ ಹುಟ್ಟಿಗೂ ಹೋಟೆಲಿಗೂ ಯಾವ ಸಂಬಂಧವೂ ಇರಲಿಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಸಮೂಹದಲ್ಲಿ, ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ, ಮಸಾಹಿರೊ ಹಾರಾ ಎಂಬ ಎಂಜಿನಿಯರರೂ ಅವರ ಸಂಗಡಿಗರೂ ಇದನ್ನು ರೂಪಿಸಿದರು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಗೆರೆಗಳ ಬಾರ್‌ಕೋಡು ಒಂದೇ ದಿಕ್ಕಿನಲ್ಲಿ ಮಾಹಿತಿಯನ್ನು ಹೊರುತ್ತಿದ್ದುದರಿಂದ ಅದರಲ್ಲಿ ಸುಮಾರು 20 ಅಕ್ಷರಗಳಷ್ಟೇ ಹಿಡಿಸುತ್ತಿದ್ದವು. ಕೆಲಸಗಾರರು ಒಂದೇ ಪೆಟ್ಟಿಗೆಯ ಮೇಲೆ ಹಲವು ಗೆರೆಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಓದಿಸಬೇಕಾಗಿತ್ತು. ಅಡ್ಡಕ್ಕೂ ಉದ್ದಕ್ಕೂ ಮಾಹಿತಿಯನ್ನು ಹರಡುವ ಯೋಚನೆ ಹಾರಾ ಅವರಿಗೆ ಹೊಳೆದುದು, ಕಪ್ಪು ಬಿಳಿ ಕಾಯಿಗಳ ‘ಗೊ’ ಎಂಬ ಮಣೆಯಾಟವನ್ನು ಆಡುತ್ತಿದ್ದಾಗ. ಚೌಕದ ಮೂರು ಮೂಲೆಗಳಲ್ಲಿ ಕಾಣುವ, ಮನೆಯೊಳಗೊಂದು ಮನೆಯಂತಿರುವ ಗುರುತುಗಳು ಕ್ಯಾಮೆರಾಕ್ಕೆ ದಿಕ್ಕು ತೋರಿಸುತ್ತವೆ. ಅವುಗಳ ನಡುವೆ ಹಾಯುವ ಯಾವ ಗೆರೆಯಲ್ಲಿಯೂ ಕಪ್ಪು ಬಿಳುಪುಗಳು 1:1:3:1:1 ಎಂಬ ಪ್ರಮಾಣದಲ್ಲಿಯೇ ಬರುತ್ತವೆ. ಮುದ್ರಿತ ಹಾಳೆಗಳನ್ನೂ ಪೆಟ್ಟಿಗೆಗಳನ್ನೂ ಪರಿಶೀಲಿಸಿ, ಅವುಗಳಲ್ಲಿ ಅತಿ ವಿರಳವಾಗಿ ಕಾಣುವ ಪ್ರಮಾಣ ಇದೇ ಎಂದು ಕಂಡುಕೊಂಡು ಇದನ್ನು ಆರಿಸಿದರು. ಸಂಸ್ಥೆಯು ಪೇಟೆಂಟ್ ಪಡೆದಿದ್ದರೂ ಬಳಸುವವರಿಂದ ಹಣ ಕೇಳಲಿಲ್ಲ. ಈ ಔದಾರ್ಯ ಇಲ್ಲದಿದ್ದರೆ ಚೌಕ ಕಾರ್ಖಾನೆಯ ಹೊರಗೆ ಇಷ್ಟು ದೂರ ಬರುತ್ತಿರಲಿಲ್ಲ.

ಇದರಲ್ಲಿ ಗಣಿತದ ಉಪಾಧ್ಯಾಯರು ತರಗತಿಯಲ್ಲಿ ಹೇಳಬಹುದಾದ ಒಂದು ಅಂಶವೂ ಉಂಟು. ಸಾಂಬಾರಿನ ಹನಿ ಬಿದ್ದ ಚೌಕವೂ ಓದಲು ಬರುತ್ತದೆ. ಅದಕ್ಕೆ ಕಾರಣ, 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲೊಮನ್ ಎಂಬ ಅಮೆರಿಕದ ಗಣಿತಜ್ಞರು ಕಂಡುಹಿಡಿದ ದೋಷ ತಿದ್ದುವ ವಿಧಾನ. ಅದರ ತಿರುಳು ಸರಳವಾದುದು. ಒಂದು ಸರಳರೇಖೆಯನ್ನು ಗುರುತಿಸಲು ಎರಡು ಬಿಂದುಗಳು ಸಾಕು. ಎರಡರ ಬದಲು ಐದು ಬಿಂದುಗಳನ್ನು ಬರೆದು ಕಳುಹಿಸಿದರೆ, ದಾರಿಯಲ್ಲಿ ಒಂದು ಕೆಟ್ಟುಹೋದರೂ ಉಳಿದ ನಾಲ್ಕು ಒಂದೇ ರೇಖೆಯ ಮೇಲೆ ನಿಂತು, ಕೆಟ್ಟದ್ದು ಯಾವುದೆಂಬುದನ್ನು ತಾವೇ ತೋರಿಸಿಕೊಡುತ್ತವೆ. ರೇಖೆಯ ಬದಲು ಹೆಚ್ಚಿನ ಘಾತದ ಬಹುಪದಿಗಳನ್ನು ಇಟ್ಟುಕೊಂಡರೆ ಚೌಕದ ವಿಧಾನ ದೊರೆಯುತ್ತದೆ. ಇದಕ್ಕೆ ನಾಲ್ಕು ಮಟ್ಟಗಳಿವೆ. ಸುಮಾರು ಶೇಕಡ 7, 15, 25 ಮತ್ತು 30ರಷ್ಟು ಹಾನಿಯನ್ನು ಅವು ಕ್ರಮವಾಗಿ ಸಹಿಸಬಲ್ಲವು. ಎಣ್ಣೆ, ನೀರು, ಒರೆಸುವ ಬಟ್ಟೆ ಇವುಗಳ ನಡುವೆ ಬಾಳಬೇಕಾದ ಹೋಟೆಲಿನ ಚೌಕಕ್ಕೆ 25ರ ಮಟ್ಟ ತಕ್ಕುದು.

ವಿಳಾಸ ಚಿಕ್ಕದಾದಷ್ಟೂ ಚೌಕ ಸರಳವಾಗುತ್ತದೆ. 30 ಅಕ್ಷರಗಳ ವಿಳಾಸವನ್ನು ಈ ಮಟ್ಟದಲ್ಲಿ ಬರೆದರೆ ಬದಿಗೆ 29 ಮನೆಗಳ ಚೌಕ ಸಾಕು. ಸುತ್ತಲೂ ನಾಲ್ಕು ಮನೆಗಳಷ್ಟು ಬಿಳಿಯ ಅಂಚನ್ನು ಬಿಡುವುದು ಕಡ್ಡಾಯ; ಸೇರಿಸಿದರೆ 37. ಒಂದು ಮನೆಗೆ ಒಂದು ಮಿಲಿಮೀಟರ್ ಕೊಟ್ಟರೆ 3.7 ಸೆಂಟಿಮೀಟರ್ ಬದಿಯ ಅಚ್ಚುಕಟ್ಟಾದ ಚೌಕ ದೊರೆಯುತ್ತದೆ. ವಿಳಾಸ 120 ಅಕ್ಷರಗಳಿಗೆ ಬೆಳೆದರೆ ಮನೆಗಳು ಬದಿಗೆ 53 ಆಗುತ್ತವೆ. ಅದೇ ಕಾಗದದಲ್ಲಿ ಪ್ರತಿ ಮನೆಯ ಅಳತೆ 0.6 ಮಿಲಿಮೀಟರಿಗೆ ಇಳಿಯುತ್ತದೆ. ಮಂದ ಬೆಳಕಿನ ಮೂಲೆಯ ಮೇಜಿನಲ್ಲಿ ಈ ವ್ಯತ್ಯಾಸ ತಿಳಿದುಬರುತ್ತದೆ. ಅಂದಕ್ಕೆಂದು ಅಂಚನ್ನು ಕತ್ತರಿಸುವುದು, ಬಿಳಿಯ ಬದಲು ಕಡುಬಣ್ಣವನ್ನು ತುಂಬುವುದು, ದೀಪದ ಕೆಳಗೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದು ಇವೆಲ್ಲ ಓದುವಿಕೆಗೆ ಅಡ್ಡಿಯಾಗುತ್ತವೆ.

ಇನ್ನು, ಆ ವಿಳಾಸ ಯಾರದ್ದು ಎಂಬ ಪ್ರಶ್ನೆ. ಈ ಏರ್ಪಾಟಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿಲ್ಲ. ವಿಚಿತ್ರವೆಂದರೆ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆಯೂ ಇದೇ. ಚೌಕಗಳನ್ನು ಪುಕ್ಕಟೆಯಾಗಿ ಮಾಡಿಕೊಡುವ ಸಂಸ್ಥೆಗಳು ಹಲವಿವೆ. ಅವುಗಳಲ್ಲಿ ಕೆಲವು ಹೋಟೆಲಿನ ವಿಳಾಸವನ್ನು ನೇರವಾಗಿ ಚೌಕದಲ್ಲಿ ಬರೆಯದೆ, ತಮ್ಮ ವಿಳಾಸವನ್ನು ಬರೆದು ಅಲ್ಲಿಂದ ಹೋಟೆಲಿನ ಪುಟಕ್ಕೆ ದಾರಿ ಮಾಡಿಕೊಡುತ್ತವೆ. ಇದರಿಂದ ಅನುಕೂಲವೂ ಉಂಟು: ಪುಟ ಎಲ್ಲಿಗೆ ಹೋದರೂ ಚೌಕ ಬದಲಾಗಬೇಕಿಲ್ಲ. ಆದರೆ ಪುಕ್ಕಟೆಯ ಅವಧಿ ಮುಗಿದ ದಿನ, ಅಥವಾ ಆ ಸಂಸ್ಥೆಯೇ ಬಾಗಿಲು ಮುಚ್ಚಿದ ದಿನ, ಹೋಟೆಲಿನ ಎಲ್ಲ ಮೇಜುಗಳ ಚೌಕಗಳೂ ಒಮ್ಮೆಲೇ ಕುರುಡಾಗುತ್ತವೆ. ಹಣ ತೆತ್ತು ಅಚ್ಚುಹಾಕಿಸಿದ್ದು ಹೋಟೆಲಿನವರು. ಬೀಗದ ಕೈ ಮಾತ್ರ ಇನ್ನೊಬ್ಬರ ಬಳಿ. ಬಾಡಿಗೆ ಮಳಿಗೆಯಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಾಲೀಕನು ತನ್ನ ಹೋಟೆಲಿನ ಹೆಸರಿನಲ್ಲಿಯೇ ಒಂದು ಜಾಲವಿಳಾಸವನ್ನು ನೋಂದಾಯಿಸಿಕೊಂಡು, ಅದರ ವಾರ್ಷಿಕ ಶುಲ್ಕವನ್ನು ತಪ್ಪದೆ ಕಟ್ಟಿ, ಚೌಕದಲ್ಲಿ ಆ ವಿಳಾಸವನ್ನೇ ಬರೆಸಬೇಕು. ನೋಂದಣಿ ಜಾಲತಾಣವನ್ನು ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಿರದೆ ತನ್ನ ಹೆಸರಿನಲ್ಲಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಆಗ ಪುಟವನ್ನು ಯಾರಿಂದ ಬರೆಸಿದರೂ, ಎಲ್ಲಿ ಇರಿಸಿದರೂ, ಮೇಜಿನ ಮೇಲಿನ ಚೌಕ ಸವೆಯುವವರೆಗೆ ಬಾಳುತ್ತದೆ.

ಪುಟದ ರಚನೆಯಲ್ಲಿಯೂ ಜಾಗರೂಕತೆ ಅಗತ್ಯ. ಮುದ್ರಣಕ್ಕೆಂದು ಮಾಡಿಸಿದ ದೊಡ್ಡ ಕಾರ್ಡಿನ ಪಿಡಿಎಫ್ ಪ್ರತಿಯನ್ನೇ ಅಂತರಜಾಲಕ್ಕೆ ಏರಿಸಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಅಂಗೈಯಗಲದ ಪರದೆಯಲ್ಲಿ ಅದನ್ನು ಹಿಗ್ಗಿಸಿ, ಅತ್ತಿತ್ತ ಸರಿಸಿ ಓದುವ ಕಷ್ಟ ಗಿರಾಕಿಯದು. 60 ತಿಂಡಿಗಳಿಗೆ ತಲಾ ಮೂರು ಮೆಗಾಬೈಟಿನ ಛಾಯಾಚಿತ್ರವನ್ನು ಸೇರಿಸಿದರೆ ಪುಟ 180 ಮೆಗಾಬೈಟ್ ತೂಗುತ್ತದೆ. ಚಿತ್ರ ಮೂಡುವ ಮೊದಲೇ ಹಸಿದವನ ತಾಳ್ಮೆ ತೀರುತ್ತದೆ. ಬರಿಯ ಅಕ್ಷರಗಳ ಪುಟ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ.

ಕನ್ನಡದ ಪಟ್ಟಿಗೆ ವಿಶೇಷವಾದ ತೊಡಕೊಂದಿದೆ. ನಮ್ಮ ಮುದ್ರಣಾಲಯಗಳಲ್ಲಿ ಹಳೆಯ ಕಾರ್ಡುಗಳನ್ನು ಜೋಡಿಸಿದ್ದು ಬಹುತೇಕ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಮಾದರಿಯ ಅಕ್ಷರಗಳಲ್ಲಿ. ಆ ಅಕ್ಷರಗಳು ಕಣ್ಣಿಗೆ ಕನ್ನಡವಾದರೂ ಯಂತ್ರದ ಒಳಗೆ ಇಂಗ್ಲಿಷ್ ಮತ್ತಿತರ ಐರೋಪ್ಯ ಚಿಹ್ನೆಗಳೇ. ಅವನ್ನು ಹಾಗೆಯೇ ತೆಗೆದು ಜಾಲಪುಟಕ್ಕೆ ಅಂಟಿಸಿದರೆ ‘ಉಪ್ಪಿಟ್ಟು’ ಇದ್ದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇದನ್ನು ಕಂಡು ಬೇಸತ್ತ ಅನೇಕರು ಕನ್ನಡದ ಗೊಡವೆಯೇ ಬೇಡವೆಂದು ಪಟ್ಟಿಯನ್ನು ಇಂಗ್ಲಿಷಿನಲ್ಲಿ ಮಾತ್ರ ಇಟ್ಟುಬಿಡುತ್ತಾರೆ. ಇದು ಅನಗತ್ಯವಾದ ಶರಣಾಗತಿ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಿದರೆ ಕೆಲಸ ಮುಗಿಯಿತು. ಯೂನಿಕೋಡಿನಲ್ಲಿರುವ ಪಟ್ಟಿಯನ್ನು ದೃಷ್ಟಿಯಿಲ್ಲದವರಿಗೆ ಮೊಬೈಲೇ ಓದಿ ಹೇಳಬಲ್ಲದು. ಮುದ್ರಿತ ಕಾರ್ಡಿಗೆ ಎಂದೂ ಸಾಧ್ಯವಾಗದಿದ್ದ ಕೆಲಸವಿದು.

ಬೆಲೆಯಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಪುಟದಲ್ಲಿ ಕಾಣಿಸಬೇಕು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ, ಇಲ್ಲವೆ ಕೇಂದ್ರ ಪರವಾನಗಿ ಪಡೆದ ಹೋಟೆಲುಗಳು ಪ್ರತಿ ತಿಂಡಿಯ ಕ್ಯಾಲರಿ ಪ್ರಮಾಣವನ್ನೂ ಮೆನುವಿನಲ್ಲಿ ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ವಿಧಿಸಿವೆ.

ನಮ್ಮ ದೇಶದಲ್ಲಿ ಚೌಕವನ್ನು ಕಂಡೊಡನೆ ಜನರಿಗೆ ನೆನಪಾಗುವುದು ತಿಂಡಿಯಲ್ಲ, ಹಣ. 2016ರಲ್ಲಿ ಯುಪಿಐ ಪದ್ಧತಿ ಆರಂಭವಾದ ಮೇಲೆ ಎಳನೀರಿನ ಗಾಡಿಯವರೆಗೆ ಚೌಕ ಹಬ್ಬಿದೆ. ಹಣ ಪಾವತಿಯ ಆಪ್‌ನಿಂದ ತಿಂಡಿಪಟ್ಟಿಯ ಚೌಕವನ್ನು ಓದಿಸಹೋಗಿ, ತಪ್ಪಾದ ಕೋಡ್ ಎಂಬ ಉತ್ತರ ಬಂದು ಕಕ್ಕಾಬಿಕ್ಕಿಯಾಗುವವರು ಕಡಮೆಯಲ್ಲ. ಎರಡು ಚೌಕಗಳನ್ನೂ ಒಂದೇ ಹಲಗೆಯ ಮೇಲೆ ಅಂಟಿಸದೆ, ‘ತಿಂಡಿಪಟ್ಟಿ ನೋಡಲು’, ‘ಹಣ ಕೊಡಲು’ ಎಂದು ದಪ್ಪ ಅಕ್ಷರಗಳಲ್ಲಿ ಬರೆದು ಬೇರೆ ಬೇರೆ ಇಡುವುದು ಒಳ್ಳೆಯದು. ತಿಂಡಿಪಟ್ಟಿಯ ಚೌಕದ ಕೆಳಗೆ ವಿಳಾಸವನ್ನು ಅಕ್ಷರಗಳಲ್ಲಿಯೂ ಬರೆದಿರಬೇಕು. ಹೋಟೆಲಿನ ಚೌಕದ ಮೇಲೆ ತಮ್ಮ ಚೌಕವನ್ನು ಅಂಟಿಸಿ ಗಿರಾಕಿಯನ್ನು ಬೇರೆ ದಾರಿಗೆ ಎಳೆಯುವ ವಂಚಕರೂ ಇರುವುದರಿಂದ, ಬೆಳಿಗ್ಗೆ ಮೇಜು ಒರೆಸುವಾಗ ಚೌಕದ ಮೇಲೊಮ್ಮೆ ಬೆರಳಾಡಿಸಿ ನೋಡುವ ಅಭ್ಯಾಸ ಇರಬೇಕು.

ಕೆಲವು ಕಡೆ ಪಟ್ಟಿಯನ್ನು ತೋರಿಸುವ ಮೊದಲು ಗಿರಾಕಿಯ ಮೊಬೈಲ್ ಸಂಖ್ಯೆಯನ್ನು ಕೇಳುತ್ತಾರೆ. ಎರಡು ಇಡ್ಲಿ ತಿನ್ನಲು ಬಂದವನ ಸಂಖ್ಯೆ ಹೋಟೆಲಿಗೆ ಏತಕ್ಕೆ ಬೇಕು? ಕಪ್ಪು ಹಲಗೆ ಯಾರ ಹೆಸರನ್ನೂ ಕೇಳಿರಲಿಲ್ಲ. 2023ರ ಆಗಸ್ಟಿನಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮದ ಆಶಯವೂ ಇದೇ: ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟನ್ನು ಮಾತ್ರ, ಒಪ್ಪಿಗೆ ಪಡೆದು ತೆಗೆದುಕೊಳ್ಳಬೇಕು. ಪಟ್ಟಿ ಓದುವುದಕ್ಕೆ ಯಾವ ಸಂಖ್ಯೆಯೂ ಅಗತ್ಯವಿಲ್ಲ.

ಮೊಬೈಲನ್ನು ಮನೆಯಲ್ಲಿ ಬಿಟ್ಟು ಬಂದ ಅಜ್ಜ, ಗುಂಡಿಗಳ ಹಳೆಯ ಫೋನು ಹಿಡಿದ ರೈತ, ಸಂತೆಗೆ ಬಂದ ಹೆಂಗಸು ಇವರೂ ಹೋಟೆಲಿನ ಗಿರಾಕಿಗಳೇ. ಚೌಕದ ಕಡೆಗೆ ಬೆರಳು ತೋರಿಸಿ ಸಪ್ಲೈಯರ್ ಹೊರಟುಹೋದರೆ ಅವರು ಪಕ್ಕದ ಮೇಜಿನವರನ್ನು ಬೇಡುವಂತಾಗುತ್ತದೆ. ಹಣ ಕೊಟ್ಟು ಉಣ್ಣಲು ಬಂದವರನ್ನು ಈ ಸ್ಥಿತಿಗೆ ತರುವ ಏರ್ಪಾಟು ಎಷ್ಟೇ ಹೊಸದಾಗಿದ್ದರೂ ಅರೆಬೆಂದುದೇ ಸರಿ. ಗಲ್ಲಾದ ಬಳಿ ದಪ್ಪ ಅಕ್ಷರದ ನಾಲ್ಕಾರು ಕನ್ನಡ ಕಾರ್ಡುಗಳನ್ನು ಇಟ್ಟಿರುವುದು, ಕೇಳಿದವರಿಗೆ ಬಾಯಲ್ಲಿಯೇ ಪಟ್ಟಿಯನ್ನು ಹೇಳುವುದು ದುಬಾರಿಯ ಕೆಲಸವೇನಲ್ಲ.

ಚೌಕದಿಂದ ಹೋಟೆಲಿಗೆ ಆಗುವ ನಿಜವಾದ ಲಾಭ ಕಾಗದದ ಉಳಿತಾಯವಲ್ಲ. ಬೆಳಿಗ್ಗೆ ಹತ್ತಕ್ಕೆ ಇಡ್ಲಿ ಮುಗಿದರೆ, ಹತ್ತೂ ಒಂದಕ್ಕೆ ಪಟ್ಟಿಯಿಂದ ಅದನ್ನು ತೆಗೆಯಬಹುದು. ಸಂಜೆ ಬಿಸಿ ಬೋಂಡ ಬಿದ್ದೊಡನೆ ಸೇರಿಸಬಹುದು. ಕಪ್ಪು ಹಲಗೆಗೆ ಈ ಗುಣವಿತ್ತು, ಅಚ್ಚಾದ ಕಾರ್ಡಿಗೆ ಇರಲಿಲ್ಲ. ಆದರೆ ಹಲಗೆಯನ್ನು ಒರೆಸಲು ಒಬ್ಬ ಬೇಕಾಗಿದ್ದಂತೆ ಪುಟವನ್ನು ತಿದ್ದಲೂ ಒಬ್ಬ ಬೇಕು. ಅದು ಊರಾಚೆ ಕುಳಿತ ತಂತ್ರಜ್ಞನ ಕೆಲಸವಾಗಬಾರದು. ಅಡುಗೆಮನೆಯಿಂದ ‘ಇಡ್ಲಿ ಖಾಲಿ’ ಎಂಬ ಕೂಗು ಮೊದಲು ಕೇಳುವುದು ಗಲ್ಲಾದಲ್ಲಿ ಕುಳಿತವನಿಗೆ; ತಿದ್ದುವ ಅಧಿಕಾರವೂ, ಅದನ್ನು ಕಲಿಸುವ ಅರ್ಧ ಗಂಟೆಯ ಪಾಠವೂ ಅವನಿಗೇ ಸಲ್ಲಬೇಕು.